ಮೂರು ಮನೆ ಕೆಳಗೆ

ಅಂಗಿ ತನ್ನದು, ಬೇಸ್ ಗಿಟಾರ್ ಹಿಡಿದ ಕೈ ತನ್ನದು, ತಲೆ ಮಾತ್ರ ಬೇರೆಯವನದು. ಕಿವಿಯಣ್ಣ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಕ್ರೀಡಾಂಗಣದ ಒಳದಾರಿಯುದ್ದಕ್ಕೂ ‘ಮೂವತ್ತು ವರ್ಷ, ಮೂವತ್ತು ಮೈಲಿಗಲ್ಲು’ ಎಂದು ಫಲಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದರಲ್ಲಿ ರಾಕ್ ತಂಡದ ಮೊಟ್ಟಮೊದಲ ಕಾರ್ಯಕ್ರಮದ ಫೋಟೋ: ನಾಲ್ಕು ಜನ, ಹಿಂದೆ ಕಾಲೇಜು ಕ್ಯಾಂಟೀನಿನ ಗೋಡೆ. ಅವನ ಕುತ್ತಿಗೆಯ ಮೇಲೆ ಈಗಿನ ಬೇಸ್ ವಾದಕನ ಮುಖವನ್ನು ಕಂಪ್ಯೂಟರಿನಲ್ಲಿ ಅಂಟಿಸಿದ್ದರು. ಆ ಮಹಾಶಯ ಆ ವರ್ಷ ನಾಲ್ಕನೇ ತರಗತಿಯಲ್ಲಿ ಮೂಗು ಸುರಿಸಿಕೊಂಡು ಕೂತಿದ್ದ.

"ಫೋಟೋ ತಾನೇ, ಬಿಡೋ," ಎಂದಳು ಪಕ್ಕದಲ್ಲಿದ್ದ ಅಕ್ಕ. ತಂಡದ ಗಾಯಕನ ಹೆಂಡತಿ ಅವಳು.

"ಈ ಅಂಗಿ ಹೊಲಿದವಳು ನೀನು."

"ಹೊಲಿದೆ, ಅದಕ್ಕೇನೀಗ? ನೋಡೋ ಜನಕ್ಕೆ ಗೊಂದಲ ಆಗಬಾರದಂತೆ."

"ಹಾಗಂತ ಭಾವ ಹೇಳಿದ್ರಾ?"

ಅಕ್ಕ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ಈ ಮೂತಿ ಮಾರಾಟವಾಗುವುದಿಲ್ಲ ಎಂದು ರೆಕಾರ್ಡ್ ಕಂಪನಿಯವರು ಅವನನ್ನು ಮೊದಲ ವರ್ಷವೇ ಕೈಬಿಡಿಸಿದ್ದರು. "ಸ್ವಲ್ಪ ದಿನ ತಂತಿಗಿಂತಿ ನೋಡ್ಕೋತಾ ಇರು, ಆಮೇಲೆ ನೋಡೋಣ," ಎಂದಿದ್ದ ಆಗಿನ್ನೂ ಬರೀ ಗೆಳೆಯನಾಗಿದ್ದ ಗಾಯಕ. ಆಮೇಲೆ ಆ ಗೆಳೆಯ ಅಕ್ಕನನ್ನು ಮದುವೆಯಾಗಿ ಭಾವನಾದ, ‘ನೀನು’ ಹೋಗಿ ‘ನೀವು’ ಬಂತು. ಸ್ವಲ್ಪ ದಿನ ಮೂವತ್ತು ವರ್ಷವಾಯಿತು. ಗಿಟಾರುಗಳಿಗೆ ತಂತಿ ಕಟ್ಟಿ ಶ್ರುತಿ ಕೂಡಿಸುವುದೇ ಅವನ ಕಸುಬಾಯಿತು. ಸೂಜಿ ಬಿದ್ದರೂ ಯಾವ ಸ್ವರ ಎಂದು ಹೇಳುತ್ತಾನೆಂದು ಎಲ್ಲರೂ ಕಿವಿಯಣ್ಣ ಎಂದರು. ಮೂವತ್ತನೇ ವರ್ಷಕ್ಕೆ ಆ ಮೊದಲ ಫೋಟೋ ಹಾಕಿಸಿ ಕೆಳಗೆ ನಾಲ್ವರ ಹೆಸರನ್ನೂ ಬರೆಸುತ್ತೇನೆಂದು ಭಾವ ಮಾತು ಕೊಟ್ಟಿದ್ದ. ತಾನೂ ಅಲ್ಲಿದ್ದೆ ಎಂಬುದನ್ನು ನಾಲ್ಕು ಜನ ಓದಬೇಕು, ಅಷ್ಟೇ ಅವನ ಆಸೆ. ಅದಕ್ಕೂ ಕಲ್ಲು ಬಿತ್ತು.

ಮಧ್ಯಾಹ್ನ ಪತ್ರಕರ್ತರೆದುರು ಭಾವ ಕಪ್ಪು ಕನ್ನಡಕ ಏರಿಸಿಕೊಂಡು ಕೂತಿದ್ದ. ತಲೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರಿಂದ ಹಣೆಯಂಚೂ ಸ್ವಲ್ಪ ಕಪ್ಪಾಗಿತ್ತು.

"ಇಪ್ಪತ್ತೆರಡನೇ ವಯಸ್ಸಲ್ಲಿ ಹೇಗೆ ಹಾಡ್ತಿದ್ನೋ ಈಗ್ಲೂ ಹಾಗೇ ಹಾಡ್ತೀನಿ. ನನ್ನ ಕಂಠ ಒಂದೆಳೆ ಇಳಿದಿಲ್ಲ," ಎಂದ.

ಬಾಗಿಲ ಬಳಿ ನಿಂತಿದ್ದ ಕಿವಿಯಣ್ಣನಿಗೆ ಮೈಯೆಲ್ಲ ಉರಿಯಿತು. ಗಿಟಾರಿನ ಕತ್ತಿನ ಮೇಲೆ ಬೆರಳಿಡುವ ಒಂದೊಂದು ಜಾಗವನ್ನೂ ಮನೆ ಎನ್ನುತ್ತಾರೆ; ಒಂದು ಮನೆ ಇಳಿದರೆ ಶ್ರುತಿ ಅರ್ಧ ಸ್ವರ ಇಳಿದ ಹಾಗೆ. ಭಾವನ ಗಂಟಲು ಇಳಿದ ಹಾಗೆಲ್ಲ ಕಿವಿಯಣ್ಣ ತಂತಿಗಳನ್ನು ಸಡಿಲಿಸಿ, ಹೊರಗಿನವರಿಗೆ ತಿಳಿಯದಂತೆ ಇಡೀ ತಂಡವನ್ನೇ ಕೆಳಕ್ಕಿಳಿಸಿದ್ದ. ದೊಡ್ಡ ಪ್ರಶಸ್ತಿ ಬಂದ ವರ್ಷ ಒಂದು ಮನೆ, ಹತ್ತು ದೇಶ ಸುತ್ತಿದ ವರ್ಷ ಎರಡು, ಅಂಚೆಚೀಟಿಯ ಮೇಲೆ ನಾಲ್ವರ ಮುಖ ಬಂದ ವರ್ಷ ಮೂರು. ಮೈಲಿಗಲ್ಲು ನೆಟ್ಟಾಗಲೆಲ್ಲ ಒಂದು ಗುಂಡಿಯನ್ನೂ ತೋಡಿದವನು ಅವನೇ. ಇದು ತಂಡದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗಿಟಾರಿನವನಿಗೆ ಬಲಗಿವಿ ಹೋಗಿ ಎಷ್ಟೋ ವರ್ಷವಾಯಿತು. ಬೇಸಿನವನಿಗೆ ದೊಡ್ಡ ಪರದೆಯಲ್ಲಿ ತನ್ನ ಕೂದಲು ಕಂಡರೆ ಸಾಕು. ಡ್ರಮ್ಮಿನವನಿಗೆ ಶ್ರುತಿಯ ಗೊಡವೆಯೇ ಇಲ್ಲ. ಇವರನ್ನು ಜನ ದೇವರು ದೇವರು ಎನ್ನುತ್ತಾರಲ್ಲ, ಥೂ, ಎಂದುಕೊಂಡ.

ತಂಡಕ್ಕೆ ಹೆಸರು ತಂದ ಆ ಒಂದು ಹಾಡಿಗೆಂದೇ ಗಿಟಾರೊಂದು, ಬೇಸೊಂದು ಬೇರೆ ಇದ್ದವು. ವೇದಿಕೆಯ ಪಕ್ಕದ ಪರದೆಯ ಹಿಂದೆ ಕೂತು ಕಿವಿಯಣ್ಣ ಅವೆರಡರ ಬಿರಡೆಗಳನ್ನು ತಿರುಗಿಸಿ, ತಂತಿಗಳನ್ನು ಮೂವತ್ತು ವರ್ಷದ ಹಿಂದಿನ ಶ್ರುತಿಗೆ ಬಿಗಿದ. ಇವತ್ತು ನಲವತ್ತು ಸಾವಿರ ಜನ ಕೇಳಲಿ. ಇಳಿದಿದೆಯೋ ಇಲ್ಲವೋ ಅವರೇ ಹೇಳಲಿ. ಆಮೇಲೆ ಕೆಲಸ ಹೋದರೆ ಹಾಳಾಗಿ ಹೋಗಲಿ.

ಸಂಜೆ ಆರಕ್ಕೆ ಆ ಹಾಡು ಬಂತು. ಗಿಟಾರಿನ ಮೊದಲ ಪೆಟ್ಟಿಗೇ ಭಾವನ ಬೆನ್ನು ಸೆಟೆದದ್ದು ಪರದೆಯ ಹಿಂದಿನಿಂದ ಕಾಣಿಸಿತು. ಕೆಳಗಿನ ಸಾಲುಗಳನ್ನು ಹೇಗೋ ಎಳೆದ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಎಲ್ಲರೂ ಕಾಯುವ ಆ ಎತ್ತರದ ಸಾಲು ಹತ್ತಿರ ಬಂದಾಗ ಒಂದು ಗಳಿಗೆ ತಿರುಗಿ ಇತ್ತ ನೋಡಿದ. ಕಿವಿಯಣ್ಣ ಕೈಕಟ್ಟಿ ನಿಂತ.

ಭಾವ ಮೈಕನ್ನು ಬಾಯಿಂದ ತೆಗೆದು ಜನರ ಕಡೆ ಚಾಚಿದ.

ನಲವತ್ತು ಸಾವಿರ ಜನ ಆ ಸಾಲನ್ನು ಹಾಡಿದರು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಅದೇ ಎತ್ತರದಲ್ಲಿ, ಒಂದು ಎಳೆಯೂ ತಪ್ಪದೆ ಹಾಡಿದರು. ವೇದಿಕೆಗೆ ಬೆನ್ನು ಹಾಕಿ ನಿಂತಿದ್ದ ಕಾವಲಿನವನು ಕಣ್ಣೊರೆಸಿಕೊಂಡ. ದೊಡ್ಡ ಪರದೆಯ ಮೇಲೆ ಭಾವ ಎದೆಗೆ ಕೈಯಿಟ್ಟು, ಎಲ್ಲವನ್ನೂ ತ್ಯಾಗ ಮಾಡಿದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ. ಅದು ನಾಟಕವೆಂದು ಗೊತ್ತಿದ್ದೂ ಕಿವಿಯಣ್ಣನ ತುಟಿ ಅಲುಗುತ್ತಿತ್ತು. ತಾನೂ ಹಾಡುತ್ತಿದ್ದೇನೆಂದು ತಿಳಿದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಇದಪ್ಪ ಅಂದ್ರೆ!" ಎಂದ ಪಕ್ಕದಲ್ಲಿದ್ದ ಮ್ಯಾನೇಜರ್, ಫೋನ್ ಕಿವಿಗೆ ಒತ್ತಿಕೊಂಡು. "ಮೂವತ್ತೊಂದನೇ ಮೈಲಿಗಲ್ಲು ಇದೇನೇ. ಫೋಟೋ ಸರಿಯಾಗಿ ಬಂತಾ ನೋಡ್ರಿ."

ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಭಾವ ನೀರು ಕುಡಿಯಲು ಪರದೆಯ ಹಿಂದೆ ಬಂದ.

"ಶ್ರುತಿ ಮೇಲಿತ್ತಲ್ಲೋ."

"ನಾನೇ ಏರಿಸಿದೆ, ಭಾವ." ಮುಂದಿನ ಮಾತುಗಳನ್ನು ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ. ಭಾವ ಕೂಗಾಡಲೆಂದು ಕಾದ.

"ಒಳ್ಳೇದೇ ಆಯ್ತು. ಇನ್ಮೇಲೆ ಈ ಹಾಡಿಗೆ ಹೀಗೇ ಇಟ್ಬಿಡು. ಜನಾನೇ ಹಾಡ್ಕೋತಾರೆ, ನನ್ನ ಗಂಟಲಿಗೂ ಆರಾಮ."

"ಆ ಫೋಟೋದಲ್ಲಿ, ಭಾವ..."

"ಯಾವ ಫೋಟೋ?"

ಡ್ರಮ್ಮಿನವನು ಮುಂದಿನ ಹಾಡು ಶುರುಮಾಡಿಬಿಟ್ಟಿದ್ದ. ಇದಕ್ಕೆ ಭಾವ ತಾನೂ ಒಂದು ಗಿಟಾರ್ ಹಾಕಿಕೊಳ್ಳುತ್ತಾನೆ, ಅಂದಕ್ಕೆ. ಅದಕ್ಕೆ ತಂತಿಯುಂಟು, ಸದ್ದು ಹೊರಡಿಸುವ ವೈರ್ ಇಲ್ಲ. ಬಾಟಲಿ ಬದಿಗಿಟ್ಟ ಭಾವ, ನೋಡದೆಯೇ, ಕತ್ತನ್ನು ಮುಂದಕ್ಕೆ ಚಾಚಿದ. ಕಿವಿಯಣ್ಣ ಗಿಟಾರಿನ ಪಟ್ಟಿಯನ್ನು ಅವನ ಕೊರಳಿಗೆ ಹಾಕಿ, ಅದರಡಿ ಮಡಚಿಕೊಂಡ ಕಾಲರನ್ನು ಎರಡು ಬೆರಳಲ್ಲಿ ಹೊರಗೆಳೆದು ಸರಿಮಾಡಿದ.