ಎಲ್ಲ ಗುಂಡಿ ಸೊನ್ನೆಗೆ

ಕಾಯ್ತಾನನಿಗೆ ಬಲಗಿವಿ ಕೇಳುತ್ತಿರಲಿಲ್ಲ. ಮೂವತ್ತೈದು ವರ್ಷ ಮಡಗಾಂವ್‌ನ ತಿಯಾತ್ರ ನಾಟಕಗಳಿಗೆ ಧ್ವನಿ ಕೂಡಿಸಿದವನು, ಅದನ್ನು ಮಗಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಮೂರು ವರ್ಷ ಆಯ್ತು, ಆಂಟಿ," ಎಂದಳು ಲವಿನಾ, ಚರ್ಚಿನ ಕಂಬದ ಬುಡದಲ್ಲಿ ಮೊಣಕಾಲೂರಿ ಮೈಕಿನ ವಯರು ಸಿಕ್ಕಿಸುತ್ತ. ಒಳಗಿನಷ್ಟೇ ಜನ ಹೊರಗೂ ನಿಂತಿದ್ದರು. ಅಪ್ಪನ ಶವಸಂಸ್ಕಾರದ ಪ್ರಾರ್ಥನೆ ಅವರಿಗೂ ಕೇಳಿಸಲೆಂದು ಅವನ ಸೌಂಡ್ ಮಿಕ್ಸರನ್ನೇ ತಂದಿದ್ದಳು.

ಗಾಯಕಿ ಪಿಯೆದಾದಳ ಬೀಸಣಿಗೆ ನಿಂತಿತು. "ಅದಕ್ಕೇನಾ ಹಳೇ ಮಿಕ್ಸರ್ ಬಿಟ್ಟು ಈ ಡಿಜಿಟಲ್ ತಂದಿದ್ದು?"

"ಹ್ಞೂಂ. ಇದರ ಪರದೆ ಮೇಲೆ ಸದ್ದು ಕಣ್ಣಿಗೆ ಕಾಣತ್ತೆ."

"ಅಯ್ಯೋ ಸಾಯ್ಬಾ. ನಾನು ಅವನಿಗೆ ಏನೇನೋ ಅಂದುಬಿಟ್ಟೆನಲ್ಲೇ."

"ನಾನೂ ಅಂದಿದ್ದೀನಿ, ಅಂತೀನಿ," ಎಂದ ಹಿಂದೆ ನಿಂತಿದ್ದ ಇನಾಸ್. ಇಪ್ಪತ್ತು ವರ್ಷ ಕಾಯ್ತಾನನ ಪಕ್ಕ ಕೂತವನು, ಹೊಸ ಮಿಕ್ಸರ್ ಬಂದ ವಾರವೇ ಕೆಲಸ ಬಿಟ್ಟಿದ್ದ. "ಟೀವಿ ನೋಡ್ತಾ ಕೂತಂಗೆ. ಇದೂ ಒಂದು ಕೆಲಸವಾ?"

"ಅಂಕಲ್, ಇವತ್ತೊಂದಿನ ಸುಮ್ನಿರಿ."

ಪಾದ್ರಿಗಳು ಗಡಿಯಾರ ನೋಡಿಕೊಂಡರು. ಐದಕ್ಕೆ ಒಂದು ಮದುವೆಯಿತ್ತು. ಪಿಯೆದಾದ್ ಎದ್ದಳು, ಕೂತಳು, ಮತ್ತೆ ಎದ್ದಳು.

"ನನ್ನ ಕೈಲಾಗಲ್ಲ ಬಾಯೆ. ಅವನಿಲ್ದೆ ಹಾಡಿದ್ರೆ ಜನ ನಗ್ತಾರೆ. ಭಾನುವಾರದ ಆಟಕ್ಕೂ ಬೇರೆಯವಳನ್ನ ನೋಡಿಕೊಳ್ಳಿ."

"ನಿಮ್ಮ ಸ್ವರ ಇದರೊಳಗಿದೆ. ಹಾಡಿ."

*

ಮೂರು ವರ್ಷದ ಹಿಂದೆ, ಖಾಲಿ ಸಭಾಂಗಣದಲ್ಲಿ, ಕಾಯ್ತಾನ್ ಪಿಯೆದಾದಳಿಂದ ಒಂದೇ ಸಾಲನ್ನು ಎರಡು ಮಧ್ಯಾಹ್ನ ಹಾಡಿಸಿದ್ದ.

"ನಿನ್ನ ಪೆಟ್ಟಿಗೆ ಕೆಟ್ಟಿದ್ರೆ ನನ್ನ ಗಂಟಲು ಯಾಕೋ ಕೆಡಿಸ್ತೀಯ?"

"ಹೊಸ ಮಷೀನು, ಪರೀಕ್ಷೆ ಮಾಡ್ತಿದ್ದೀನಿ. ಇನ್ನೊಂದ್ಸಲ."

ಐವತ್ತೆಂಟಕ್ಕೆ ಅವಳ ಮೇಲಿನ ಸ್ವರ ಒಡೆಯತೊಡಗಿತ್ತು. ಅದು ಎಲ್ಲಿ ಒಡೆಯುತ್ತದೆಂದು ಅವನು ಪರದೆಯ ಗೆರೆಗಳಲ್ಲಿ ಹುಡುಕಿ, ಅಲ್ಲಿ ತಗ್ಗಿಸಿ, ಇಲ್ಲಿ ಏರಿಸಿ, ಅವಳ ಹೆಸರಲ್ಲಿ ಮಷೀನಿನಲ್ಲೇ ಉಳಿಸಿಟ್ಟ. ಒಡಕಿನ ಮಾತೆತ್ತಲಿಲ್ಲ.

"ಕಂಪ್ಯೂಟರಿಗೆ ನನ್ನ ಮಾರಿದೆಯಲ್ಲ," ಎಂದು ಬೈದು ಹೋದವಳು ಆಮೇಲೆ ಪ್ರತಿ ಆಟದಲ್ಲೂ ಹಾಡಿದಳು. ಅವನೊಡನೆ ಮಾತಾಡಲಿಲ್ಲ.

ಹೀಗೆ ಎಲ್ಲರ ಸ್ವರಕ್ಕೂ ಉಳಿಸಿಟ್ಟದ್ದರ ಒಂದು ಪ್ರತಿ ಬೇರೆ ಕಡೆ ಇಡೋಣವೆಂದು ಲವಿನಾ ಎಷ್ಟೋ ಸಲ ಹೇಳಿದ್ದಳು. "ನಾನಿದ್ದೀನಲ್ಲ," ಎನ್ನುತ್ತಿದ್ದ.

*

ಲವಿನಾ ಪಟ್ಟಿಯಲ್ಲಿ ಹೆಸರು ಹುಡುಕಿ ಒತ್ತಿದಳು. ಪಿಯೆದಾದ್ ಹಾಡಿದಳು. ಮೇಲಿನ ಸ್ವರ ಇಡಿಯಾಗಿ ಹೊರಗಿನ ಬಿಸಿಲಿನವರೆಗೆ ಹೋಯಿತು. ಹೊರಗೆ ಮೊಬೈಲು ನೋಡುತ್ತಿದ್ದವರು ತಲೆಯೆತ್ತಿದರು.

"ಭಾನುವಾರ ಬರ್ತೀನಿ," ಎಂದಳು ಕಣ್ಣೊರೆಸಿಕೊಂಡು.

ಶವಪೆಟ್ಟಿಗೆ ಎತ್ತಿದರು. ಬ್ಯಾಂಡಿನ ಹಿಂದೆ ಎಲ್ಲರೂ ಹೋದರು. ಇನಾಸ್ ಮಾತ್ರ ಉಳಿದ. ಅವನಿಗೊಂದು ಕೆಲಸವಿತ್ತು. ಆಟ ಮುಗಿದ ಮೇಲೆ ಮಿಕ್ಸರಿನವನು ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತಿರುಗಿಸಿಯೇ ಏಳಬೇಕು, ಅದು ಅವರ ಪದ್ಧತಿ. ಮಿಕ್ಸರಿನವನು ಸತ್ತರೆ ಜೊತೆಗಾರ ಆ ಕೆಲಸವನ್ನು ಅವನ ಪರವಾಗಿ ಕೊನೆಯ ಸಲ ಮಾಡಬೇಕು. ಹಿಂದೆ ಇಬ್ಬರಿಗೆ ಇನಾಸನೇ ಮಾಡಿದ್ದ.

ಇದರಲ್ಲಿ ತಿರುಗಿಸಲು ಗುಂಡಿಗಳೇ ಕಡಿಮೆ. ಕನ್ನಡಕ ಏರಿಸಿ ಪರದೆಯಲ್ಲಿ ಒಂದೊಂದೇ ಪುಟ ತೆರೆದ. ಕೊನೆಗೆ ಎಲ್ಲವನ್ನೂ ಮೊದಲಿನಂತೆ ಮಾಡುವ ಜಾಗ ಸಿಕ್ಕಿತು. ಒತ್ತಿದ. ಹದಿನಾರು ಜಾರುಗುಂಡಿಗಳು ಯಾರೂ ಮುಟ್ಟದೆ ಒಟ್ಟಿಗೆ ಕೆಳಗಿಳಿದು ಟಕ್ಕೆಂದು ನಿಂತವು. ಇನಾಸ್ ಶಿಲುಬೆಯ ಗುರುತು ಹಾಕಿಕೊಂಡ.

ಲವಿನಾ ಕೈಗೆ ಗೋರಿಯ ಮಣ್ಣು ಮೆತ್ತಿಕೊಂಡು ಬಂದಳು. ಹಿಂದೆಯೇ ಪಿಯೆದಾದ್.

"ನಿಮ್ಮಪ್ಪಂದು ಸೊನ್ನೆ ಮಾಡ್ದೆ ಬಾಯೆ," ಎಂದ ಇನಾಸ್. "ಹಟಮಾರಿ ಮಷೀನು. ಖಾತ್ರಿಯಾ, ಖಾತ್ರಿಯಾ ಅಂತ ಎರಡು ಸಲ ಕೇಳ್ತು. ಹೌದು ಕಣೋ ಅಂದೆ."

ಲವಿನಾ ಪಟ್ಟಿ ತೆರೆದಳು. ಮುಚ್ಚಿ ಮತ್ತೆ ತೆರೆದಳು. ಒಂದು ಹೆಸರೂ ಇರಲಿಲ್ಲ.

"ಭಾನುವಾರ ಎಷ್ಟೊತ್ತಿಗೆ ಬರ್ಲಿ?" ಎಂದಳು ಪಿಯೆದಾದ್.

ಅಪ್ಪ ಉಳಿಸಿಟ್ಟಿದ್ದು ನಲವತ್ತೊಂದು ತಿಯಾತ್ರ. ಇಪ್ಪತ್ತಮೂರು ಗಂಟಲು. ಅದರಲ್ಲಿ ಪಿಯೆದಾದಳದು ಒಂದು.