ಹುಳುಕು ಷೇರು

ಹುಳುಕು ಹಲ್ಲು ಕೀಳಿಸದೆ ದಿನ ದೂಡುವವರನ್ನು ಕಂಡರೆ ಹಲ್ಲಿನ ಡಾಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. "ಅದು ತಾನಾಗೇ ಸರಿಹೋಗಲ್ಲ, ಇವತ್ತೇ ಕಿತ್ತಾಕೋಣ," ಎಂದು ಗದರಿಸಿ ಕುರ್ಚಿಗೆ ಒರಗಿಸುತ್ತಿದ್ದರು. ಮೂರು ಎಣಿಸುತ್ತೇನೆಂದು ಹೇಳಿ ಎರಡಕ್ಕೇ ಕಿತ್ತುಬಿಡುವುದು ಅವರ ಕೈಚಳಕ. ಊರಿಗೆಲ್ಲ ಗೊತ್ತಿದ್ದರೂ ಪ್ರತಿಯೊಬ್ಬರೂ ಮೋಸಹೋಗುತ್ತಿದ್ದರು.

ಇಂಥ ಧೀರರು ಒಂದು ಬಕೆಟ್ ಕಂಪನಿಯ ಷೇರನ್ನು ಮಾತ್ರ ಎದೆಗವಚಿಕೊಂಡು ಕೂತಿದ್ದರು. ಭಾವಮೈದುನ ಬೇಡವೆಂದಿದ್ದ, ಬೇಡವೆಂದಿದ್ದಕ್ಕೇ ಕೊಂಡಿದ್ದರು. ಬೇರೆ ಬಕೆಟ್ ಕಂಪನಿಗಳ ಷೇರೆಲ್ಲ ಮೇಲೇರಿದರೂ ಇವರದು ಅರ್ಧಕ್ಕಿಳಿದಿತ್ತು. "ಕೊಂಡ ಬೆಲೆಗೆ ಬರ್ಲಿ, ಮಾರ್ತೀನಿ. ಮಾರೋವರೆಗೂ ಅದು ನಷ್ಟ ಅಲ್ಲ," ಎನ್ನುತ್ತಿದ್ದರು. ಇವರು ಎಷ್ಟಕ್ಕೆ ಕೊಂಡಿದ್ದರೆಂಬುದು ಆ ಕಂಪನಿಗೆ ಗೊತ್ತೇ ಇರಲಿಲ್ಲ, ಪಾಪ.

ಇತ್ತ ಕ್ಲಿನಿಕ್ಕಿನ ಕುರ್ಚಿ ಒಮ್ಮೆ ಕೆಳಗಿಳಿದರೆ ಮೇಲೇಳುತ್ತಿರಲಿಲ್ಲ. ಡಾಕ್ಟರು ಮಂಡಿಯೂರಿ ಹಲ್ಲು ನೋಡಬೇಕಿತ್ತು. ಹೊಸ ಕುರ್ಚಿಗೆ ಬೇಕಾದ ದುಡ್ಡೆಲ್ಲ ಆ ಬಕೆಟ್ಟಿನೊಳಗೇ ಇತ್ತು. ಎದುರಿಗೆ ಹೊಸ ಕ್ಲಿನಿಕ್ಕು ಬೇರೆ ತೆರೆದು, ರೋಗಿಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಿದ್ದರು. ಚೀಟಿ ಕೊಡುವುದರಿಂದ ಇಕ್ಕಳ ತೊಳೆಯುವವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹೆಂಡತಿಗೆ, ಹೀಗೇ ಆದರೆ ಬಾಗಿಲು ಹಾಕಬೇಕಾದೀತೆಂದು ನಿಜವಾಗಿಯೂ ಹೆದರಿಕೆಯಾಗಿತ್ತು.

ಒಂದು ಬೆಳಿಗ್ಗೆ, ರೋಗಿಗಳು ಯಾರೂ ಬಂದಿರದಾಗ, "ರೀ, ಸ್ವಲ್ಪ ಒರಗಿ," ಎಂದಳು. ಮಂಡಿನೋವಿನಿಂದ ಬಸವಳಿದಿದ್ದ ಡಾಕ್ಟರು ಒರಗಿದರು. ಕುರ್ಚಿ ಕೆಳಗಿಳಿಯಿತು. ಇನ್ನು ಏಳುವ ಹಾಗಿರಲಿಲ್ಲ. ಅವಳು ಅವರದೇ ಫೋನನ್ನು ಅವರ ಮುಖದ ಮುಂದೆ ಹಿಡಿದಳು. ಷೇರು ಮಾರಬೇಕಾದರೆ ಅದರ ಮೇಲೆ ಅವರ ಹೆಬ್ಬೆರಳ ಗುರುತೇ ಬೀಳಬೇಕಿತ್ತು.

"ಮುಂದಿನ ತಿಂಗಳು ಸರಿಹೋಗುತ್ತೆ ಕಣೇ. ಈಗೇನು ಅಂಥ ನೋವಿಲ್ಲ," ಎಂದರು. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಅವರಿಗೇ ಅನ್ನಿಸಿತು. ದಿನಾ ಅದೇ ಕುರ್ಚಿಯಲ್ಲಿ ಒರಗಿದ ರೋಗಿಗಳ ಬಾಯಿಂದ ಕೇಳುತ್ತಿದ್ದರು.

"ಮೂರು ಎಣಿಸ್ತೀನಿ. ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದು ಹೆಂಡತಿ ಹೆಬ್ಬೆರಳು ಹಿಡಿದುಕೊಂಡಳು. "ಒಂದು... ಎರಡು..."

ಒತ್ತಿಬಿಟ್ಟಳು.

"ಮೂರು ಅಂದಿದ್ದೆಯಲ್ಲೇ," ಎಂದರು ಡಾಕ್ಟರು.

"ಆಯ್ತು, ಹೋಯ್ತು. ಪದೇ ಪದೇ ಅಲ್ಲಿ ಮುಟ್ಟಿ ನೋಡ್ತಾ ಇರ್ಬೇಡಿ," ಎಂದು, ರೋಗಿಗಳಿಗೆ ಹೇಳುವುದನ್ನೇ ಹೇಳಿ ಅವಳು ಇಕ್ಕಳ ತೊಳೆಯಲು ಹೋದಳು. ಎಷ್ಟೋ ದಿನಗಳ ಮೇಲೆ ಅವಳ ಮನಸ್ಸು ಹಗುರವಾಗಿತ್ತು.

ಡಾಕ್ಟರಿಗೆ ತಡೆಯಲಾಗಲಿಲ್ಲ. ಫೋನು ತೆಗೆದು ನೋಡಿದರು. ಷೇರು ಕೂದಲೆಳೆಯಷ್ಟು ಏರಿತ್ತು. ಅವರು ಕರುಳು ಕಿತ್ತುಬರುವ ಹಾಗೆ ನರಳಿದರು. ಆಗತಾನೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ ದಿನದ ಮೊದಲ ರೋಗಿ, ಕೆನ್ನೆ ಹಿಡಿದುಕೊಂಡು ಮೆಲ್ಲಗೆ ಎದ್ದು ರಸ್ತೆ ದಾಟಿದ.