ಹಾನುಸಣ್ಣನ ಮೂಗು

ಮಾಂಸ ಒಣಗಿಸುವ ಗಾಳಿಕೊಟ್ಟಿಗೆಯ ವಾಸನೆ ನನಗೆ ಈಗಲೂ ಅಪ್ಪನ ಸ್ವೆಟರಿನ ವಾಸನೆಯೇ. ಹಲಗೆಗಳ ಸಂದಿನಿಂದ ನುಗ್ಗುವ ಉಪ್ಪುಗಾಳಿಗೆ, ತೂಗುಹಾಕಿದ ಕುರಿಮಾಂಸ ವಾರಗಟ್ಟಲೆ ನಿಧಾನವಾಗಿ ಹುಳಿಯಾಗುತ್ತಿತ್ತು. ಆ ಹುಳಿ, ಜೊತೆಗೆ ಒದ್ದೆ ಉಣ್ಣೆ, ಒಂದಿಷ್ಟು ಹಳೆಯ ಚೀಸ್. ಅಪ್ಪ ಹೋದ ಮೇಲೆ ಆ ವಾಸನೆ ನೋಡಿ ಹದ ಹೇಳುವ ಕೆಲಸ ಅಣ್ಣ ಹಾನುಸನಿಗೆ ಬಂತು. ಉತ್ತರ ಅಟ್ಲಾಂಟಿಕ್ ಕಡಲಿನ ಫ್ಯಾರೋ ದ್ವೀಪಸಮೂಹದಲ್ಲಿ, ಈ ತುದಿಯ ದ್ವೀಪದಲ್ಲಿ ಇರುವುದು ಹನ್ನೊಂದು ಮನೆ. ಅವನು ತೊಡೆಯ ಮೂಳೆಯ ಪಕ್ಕ ಮೂಗಿಟ್ಟು "ಆಯ್ತು, ಬೇಯಿಸಿ" ಎಂದ ಮೇಲೆಯೇ ಆ ಹನ್ನೊಂದೂ ಮನೆಗಳಲ್ಲಿ ಪಾತ್ರೆ ಒಲೆಗೇರುತ್ತಿತ್ತು.

ಈ ವರ್ಷ ಜ್ವರದಿಂದ ಎದ್ದ ಮೇಲೆ ಅವನಿಗೆ ವಾಸನೆಯೇ ತಿಳಿಯುತ್ತಿಲ್ಲ. ನನಗೂ ಹೇಳಿರಲಿಲ್ಲ. ಒಂದು ದಿನ ಹಾಲು ಉಕ್ಕಿ ಒಲೆಯ ಮೇಲೆ ಕರಕಲಾದಾಗ ಪಕ್ಕದಲ್ಲೇ ಕುಳಿತು ಗಾಳದ ದಾರ ಬಿಡಿಸುತ್ತಿದ್ದ, ತಲೆ ಎತ್ತಲಿಲ್ಲ.

ನವೆಂಬರ್ ಪೂರ್ತಿ ಬೆಚ್ಚಗಿನ ತೇವದ ಗಾಳಿ. ಅಂಥ ವರ್ಷ ಮಾಂಸ ಹುಳಿಯಾಗುವ ಬದಲು ಕೊಳೆಯುತ್ತದೆ, ತಿಂದವರು ಹಾಸಿಗೆ ಹಿಡಿಯುತ್ತಾರೆ. ಊರಿಗೆ ಹೇಳಬೇಕಿತ್ತು. ಹೇಳಿದರೆ ಅವನನ್ನು ಕರೆಯುವವರಾರು? ಬೂಟು ತೊಡಿಸಿ, ಔಷಧಿ ಕುಡಿಸಿ, ಅವನ ಕೆಮ್ಮಿಗೆ ಎದ್ದೆದ್ದು ಕೂತು ನನಗೂ ಸಾಕಾಗಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮೂರು ವಾರ ತಳ್ಳಿದೆ.

ಅಷ್ಟರಲ್ಲಿ ಕೆಳಮನೆಯ ಸುನ್ನೆವಾ ಬಂದಳು.

"ಏನ್ ಹಾನುಸಣ್ಣಾ, ಈ ಸಲ ಮೂಗಿಗೆ ರಜೆ ಕೊಟ್ಬಿಟ್ರಾ? ನಮ್ ಕೊಟ್ಟಿಗೆಗೆ ಬರ್ಲೇ ಇಲ್ಲ."

"ನಿನ್ ಕುರಿ ಬದುಕಿದ್ದಾಗ್ಲೇ ನಾರ್ತಿದ್ವಲ್ಲೇ, ಇನ್ನೇನ್ ನೋಡೋದು?" ಎನ್ನುತ್ತಲೇ ಅಣ್ಣ ಕೋಲು ಹುಡುಕಿದ.

ಇವತ್ತು ಬಾಯಿ ಬಿಡಲೇಬೇಕೆಂದು ನಾನೂ ಹಿಂದೆ ಹೋದೆ. ಸುನ್ನೆವಾಳ ಕೊಟ್ಟಿಗೆಯ ಬಾಗಿಲು ತೆಗೆದೊಡನೆ ಮೂಲೆಯ ತೊಡೆ ಕೆಟ್ಟಿರುವುದು ವಾಸನೆಯಿಂದಲೇ ನನಗೆ ಗೊತ್ತಾಯಿತು. ಅಣ್ಣ ಅದಕ್ಕೇ ಮೂಗಿಟ್ಟು, ಕಣ್ಣು ಮುಚ್ಚಿ, ಅಪ್ಪನಂತೆ ತಲೆಯಾಡಿಸಿದ.

"ಚೆನ್ನಾಗಿದೆ. ಭಾನುವಾರ ಬೇಯಿಸು."

ಸುನ್ನೆವಾ ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿ ಬಾಗಿಲ ಅಗುಳಿ ಸರಿಮಾಡತೊಡಗಿದೆ.

"ಮೂಲೇಲಿ ಗಾಳಿ ಆಡಲ್ಲ ಅಣ್ಣಾ," ಎಂದಳು ಮೆಲ್ಲಗೆ. "ಹೆಬ್ಬೆರಳಲ್ಲಿ ಒಂದ್ಸಲ ಒತ್ತಿ ನೋಡಿ."

ಅವನು ಒತ್ತಿದ. ಬೆರಳು ಒಳಗಿಳಿಯಿತು. ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಅಣ್ಣ ಬೆರಳನ್ನು ಕೋಟಿಗೆ ಒರೆಸಿಕೊಂಡ.

"ಇದನ್ನ ಬಿಸಾಕು," ಎಂದ. ಆಮೇಲೆ, "ಮೂಗು ಹೋಗಿದೆ ಸುನ್ನೆವಾ."

"ಡೀಸೆಲ್ ಚೆಲ್ಲಿದ ಕೋಟಲ್ಲಿ ಚರ್ಚಿಗೆ ಬಂದಾಗ್ಲೇ ಗೊತ್ತಾಯ್ತು. ಪಾದ್ರಿಗಳಿಗೂ ಕೆಮ್ಮು ಬಂತು."

ಅಣ್ಣ ನಗಲು ನೋಡಿದ, ಆಗಲಿಲ್ಲ.

"ಕೈ ಇದೆಯಲ್ಲ," ಎಂದಳು ಸುನ್ನೆವಾ. "ವಾಸನೆ ನಾನು ಹೇಳ್ತೀನಿ, ಹದ ನೀವು ಹೇಳಿ. ನಾಳೆ ಮೇಲ್ಮನೆಯವರ ಕೊಟ್ಟಿಗೆಗೆ ಇಬ್ರೂ ಹೋಗೋಣ. ಮಾಲನಕ್ಕ ಮನೇಲಿ ಮಲಗಿರ್ಲಿ," ಎಂದು ನನ್ನತ್ತ ಕೈ ತೋರಿಸಿದಳು.

"ನೀನು ಸುಳ್ಳು ವಾಸನೆ ಹೇಳಿದ್ರೆ?"

"ಒತ್ತಿ ನೋಡಿ."

ಅಣ್ಣ ಬಾಗಿಲ ಬಳಿಯ ತೊಡೆಗಳನ್ನು ಒಂದೊಂದಾಗಿ ಒತ್ತತೊಡಗಿದ. ನಾನು ಹೊಸ್ತಿಲ ಮೇಲೆಯೇ ಕುಳಿತೆ. ಸುನ್ನೆವಾ ಮನೆಯೊಳಗೆ ಹೋಗಿ, ನಿನ್ನೆ ಹಿಡಿದ ಮೀನು, ಬೆಂದ ಆಲೂಗಡ್ಡೆ ಹಾಕಿದ ಬಟ್ಟಲನ್ನು ತಂದು ನನ್ನ ಕೈಗಿಟ್ಟಳು.